ಮನಸ್ಸು ಕದಡಿದಾಗ ಮೊದಲು ರೊಟ್ಟಿ, ಆಮೇಲೆ ಪ್ರಾರ್ಥನೆ

2019ರ ಆಗಸ್ಟ್. ಹಿಡಿದ ಮಳೆ ಬಿಡಲೇ ಇಲ್ಲ. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜಾರಿ ಜನ ಮನೆ, ತೋಟ ಕಳೆದುಕೊಂಡ ಸುದ್ದಿ ಕರೆಂಟಿಲ್ಲದ ನಮ್ಮ ಮನೆಗೆ ಬಾಯಿಂದ ಬಾಯಿಗೆ ಬಂದು ಮುಟ್ಟಿತು. ಸಕಲೇಶಪುರದ ಕಡೆಯ ನಮ್ಮ ನಾಲ್ಕು ಎಕರೆ ಕಾಫಿ ತೋಟದಲ್ಲಿ ಗುಡ್ಡ ಜಾರಲಿಲ್ಲ, ಕಾಯಿ ಉದುರಿತು. ಕೊಡೆ ಹಿಡಿದು ತೋಟಕ್ಕೆ ಇಳಿದರೆ ಗಿಡಗಿಡದ ಬುಡದಲ್ಲೂ ಹಸಿರು ಕಾಯಿ ಚೆಲ್ಲಿತ್ತು. ಕೊಳೆ ರೋಗ ಹತ್ತಿದ ಎಲೆಗಳು ಕಪ್ಪಾಗಿ ರೆಂಬೆಯಿಂದ ನೇತಾಡುತ್ತಿದ್ದವು. ಬೆಳೆ ಸಾಲದ ಕಂತು ಮುಂದೆ ಇತ್ತು, ಮಗಳ ಕಾಲೇಜಿನ ಫೀಸು ಅದಕ್ಕೂ ಮುಂದೆ.

ರಾತ್ರಿ ಮೂರಕ್ಕೆ ಎಚ್ಚರವಾಗುವುದು ಆಗ ಶುರುವಾಯಿತು. ಎದೆ ಡವಡವ, ಅಂಗೈ ತಣ್ಣಗೆ. ಮಂಗಳೂರು ಹೆಂಚಿನ ಮೇಲೆ ಮಳೆ ಬಡಿಯುವ ಸದ್ದು ಕೇಳುತ್ತಾ ಮನಸ್ಸಿನಲ್ಲೇ ಕೂಡಿ ಕಳೆಯುತ್ತಿದ್ದೆ. ಒಂದು ಪ್ರಾರ್ಥನಾ ಕೂಟದಲ್ಲಿ ಇದನ್ನು ಬಾಯಿ ಬಿಟ್ಟು ಹೇಳಿಕೊಂಡಾಗ ಅಲ್ಲಿದ್ದ ಒಬ್ಬರು, “ವಿಶ್ವಾಸ ಗಟ್ಟಿ ಇದ್ದಿದ್ರೆ ನಿಮಗೆ ನಿದ್ದೆ ಬರ್ತಿತ್ತಮ್ಮ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಅಂದಿನಿಂದ ನನ್ನ ಮೇಲೆ ಎರಡು ಹೊರೆ ಬಿದ್ದವು. ಒಂದು ಚಿಂತೆಯದು, ಇನ್ನೊಂದು ಚಿಂತೆ ಮಾಡುತ್ತಿದ್ದೇನಲ್ಲ ಎಂಬ ಪಾಪಪ್ರಜ್ಞೆಯದು.

ಆ ಎರಡನೆಯ ಹೊರೆ ಹೊತ್ತವರನ್ನು ನೆನೆದುಕೊಂಡು ಇದನ್ನು ಬರೆಯುತ್ತಿದ್ದೇನೆ. ನಾನು ಸಭೆಯ ಅಯ್ಯನವರೂ (ಪಾಸ್ಟರ್) ಅಲ್ಲ, ಮನೋವೈದ್ಯಳೂ ಅಲ್ಲ. ಐದಾರು ಮಳೆಗಾಲ ಸತ್ಯವೇದವನ್ನು (ಬೈಬಲ್) ಮಡಿಲಲ್ಲಿಟ್ಟುಕೊಂಡು ದಾಟಿದವಳು. ಅದರಲ್ಲಿ ನನಗೆ ಒಂದು ಕ್ರಮ ಕಂಡಿತು. ನಾವು ಸಾಮಾನ್ಯವಾಗಿ ಆ ಕ್ರಮವನ್ನು ತಲೆಕೆಳಗು ಮಾಡುತ್ತೇವೆ. ಮೊದಲು ನಂಬಿಕೆ ಬಲಪಡಿಸಿಕೋ, ಆಮೇಲೆ ಮನಸ್ಸು ಸರಿಹೋಗುತ್ತದೆ, ಆಮೇಲೆ ಊಟ ನಿದ್ದೆ ತಾನಾಗಿ ಬರುತ್ತದೆ ಎನ್ನುತ್ತೇವೆ. ದೇವರು ಪ್ರವಾದಿ ಎಲೀಯನ ವಿಷಯದಲ್ಲಿ ಹಾಗೆ ಮಾಡಲಿಲ್ಲ.

ಮೊದಲ ಹೆಜ್ಜೆ: ಎದ್ದು ಊಟ ಮಾಡಿ

1 ಅರಸುಗಳು 19ನೇ ಅಧ್ಯಾಯ ತೆಗೆಯಿರಿ. ಅದರ ಹಿಂದಿನ ಅಧ್ಯಾಯದಲ್ಲಿ ಎಲೀಯ ಕರ್ಮೆಲ್ ಬೆಟ್ಟದ ಮೇಲೆ ಒಬ್ಬನೇ ನಿಂತು ಗೆದ್ದಿದ್ದಾನೆ. ಇಲ್ಲಿ ನೋಡಿದರೆ ರಾಣಿ ಈಜೆಬೆಲಳ ಒಂದೇ ಬೆದರಿಕೆಗೆ ಕಾಡಿಗೆ ಓಡಿ, ಗಿಡದ ಕೆಳಗೆ ಬಿದ್ದು, “ನನಗೆ ಸಾಕು, ನನ್ನ ಪ್ರಾಣ ತೆಗೆದುಕೋ” ಎಂಬ ಅರ್ಥದ ಮಾತಾಡುತ್ತಾನೆ. ದೊಡ್ಡ ಕೆಲಸ ಮುಗಿದ ಮೇಲೆ ಮನುಷ್ಯ ಹೀಗೆ ಕುಸಿಯುವುದು ಅಂದಿಗೂ ಇತ್ತು. ಮಗಳ ಮದುವೆ ಮುಗಿದ ವಾರವೇ, ಕಾಫಿ ಕೊಯ್ಲು ಮುಗಿದ ತಿಂಗಳೇ ಮಂಕಾಗುವವರನ್ನು ನಾನು ಕಂಡಿದ್ದೇನೆ.

ದೇವರು ಅವನಿಗೆ ಏನು ಮಾಡಿದ? ಪ್ರಸಂಗ ಮಾಡಲಿಲ್ಲ. ವಿಶ್ವಾಸ ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಮಲಗಲು ಬಿಟ್ಟ. ಒಬ್ಬ ದೂತ ಬಂದು ಮುಟ್ಟಿ ಎಬ್ಬಿಸಿದ. ತಲೆಯ ಹತ್ತಿರ ಕಾದ ಕಲ್ಲಿನ ಮೇಲೆ ಸುಟ್ಟ ರೊಟ್ಟಿ, ಒಂದು ಪಾತ್ರೆ ನೀರು. ತಿಂದು ಮತ್ತೆ ಮಲಗಿದ. ದೂತ ಎರಡನೆಯ ಸಲ ಬಂದು ಮತ್ತೆ ತಿನ್ನಿಸಿದ. ಮಾತುಕತೆ ನಡೆದದ್ದು ನಲವತ್ತು ದಿನದ ದಾರಿ ಕಳೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ.

ಹಾಗಾಗಿ ತಲೆ ಕೆಟ್ಟ ದಿನ ದೊಡ್ಡ ಆತ್ಮಪರೀಕ್ಷೆಗೆ ಇಳಿಯುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಇವತ್ತು ಬಿಸಿಯಾಗಿ ಏನಾದರೂ ತಿಂದಿದ್ದೇನೆಯೇ? ನೀರು ಕುಡಿದಿದ್ದೇನೆಯೇ, ಬರೀ ಕಾಫಿಯೇ? ನಿನ್ನೆ ಎಷ್ಟು ಹೊತ್ತು ಮಲಗಿದ್ದೆ? ನಮ್ಮ ಕಡೆ ಕಾಫಿ ಕುಡಿಯುವುದಕ್ಕೆ ಲೆಕ್ಕವಿಲ್ಲ. ಸಂಜೆ ನಾಲ್ಕರ ಮೇಲೆ ಕಾಫಿ ಬಿಟ್ಟದ್ದೇ ನನ್ನ ನಿದ್ದೆಗೆ ಎಷ್ಟೋ ಉಪಕಾರ ಮಾಡಿತು. ಮಳೆ ಬಿಡುವು ಕೊಟ್ಟ ಅರ್ಧ ಗಂಟೆ ತೋಟದ ದಾರಿಯಲ್ಲಿ ನಡೆದು ಬನ್ನಿ. ಉಪವಾಸ ಪ್ರಾರ್ಥನೆ ಒಳ್ಳೆಯದೇ, ಆದರೆ ವಾರದಿಂದ ಊಟ ಸೇರದವರು, ನಿದ್ದೆಗೆಟ್ಟವರು ಈಗ ಉಪವಾಸ ಹಿಡಿಯಬೇಡಿ. ಅದಕ್ಕೆ ಬೇರೆ ಕಾಲವಿದೆ.

ಆ ಆಗಸ್ಟಿನಲ್ಲಿ ನಾನು ಎರಡು ದಿನ ಒಲೆ ಹಚ್ಚಿರಲಿಲ್ಲ. ಪಕ್ಕದ ತೋಟದ ಗೌಡರ ಮನೆಯ ಅಕ್ಕ ಮಳೆಗೆ ಗೊಪ್ಪೆ ಹೊದ್ದುಕೊಂಡು ಬಂದು ಅಕ್ಕಿ ರೊಟ್ಟಿ, ಕಳಲೆ ಪಲ್ಯದ ಡಬ್ಬಿ ಮೇಜಿನ ಮೇಲಿಟ್ಟು, “ಮೊದ್ಲು ತಿನ್ನು, ಆಮೇಲೆ ಅಳೀವಂತೆ” ಎಂದು ಎದುರೇ ಕೂತರು. ಅವರು ನಮ್ಮ ಸಭೆಯವರಲ್ಲ, ಸತ್ಯವೇದ ಓದಿದವರೂ ಅಲ್ಲ. ಎಲೀಯನ ರೊಟ್ಟಿಯ ಅರ್ಥ ನನಗೆ ಅವತ್ತು ಆಯಿತು.

ಎರಡನೆಯದು: ಇದ್ದದ್ದನ್ನು ಇದ್ದ ಹಾಗೆ ಹೇಳಿ

ಇದು ನನಗೆ ಎಲ್ಲಕ್ಕಿಂತ ಕಷ್ಟವಾದ ಹೆಜ್ಜೆ. ನಾವು ಪ್ರಾರ್ಥನೆಯನ್ನು ಸ್ತೋತ್ರದಿಂದ ಆರಂಭಿಸಲು ಕಲಿತವರು. ದೇವರ ಮುಂದೆ ಒಳ್ಳೆಯ ಬಟ್ಟೆ ಹಾಕಿಕೊಂಡು ನಿಲ್ಲುವ ಹಾಗೆ ಒಳ್ಳೆಯ ಮಾತುಗಳನ್ನೇ ಆರಿಸಿ ಆಡುತ್ತೇವೆ. ಒಳಗೆ ಕುದಿಯುತ್ತಿರುವುದು ಒಳಗೇ ಉಳಿಯುತ್ತದೆ.

ಸತ್ಯವೇದದ 150 ಕೀರ್ತನೆಗಳಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಗೋಳಾಟದ ಕೀರ್ತನೆಗಳೇ ಇವೆ. 13ನೆಯ ಕೀರ್ತನೆ ಆರೇ ವಚನದ್ದು, ಅದರ ಮೊದಲೆರಡು ವಚನಗಳಲ್ಲಿ ಕವಿ ನಾಲ್ಕು ಸಲ “ಎಷ್ಟರವರೆಗೆ” ಎಂದು ಕೇಳುತ್ತಾನೆ. 88ನೆಯದು ಇನ್ನೂ ಕಠಿಣ, ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಅಂತ್ಯದಲ್ಲಿ ಒಂದು ಸಮಾಧಾನದ ಸಾಲನ್ನೂ ಅದಕ್ಕೆ ಯಾರೂ ಸೇರಿಸಿಲ್ಲ. ಇಂಥ ಮಾತುಗಳು ದೇವರಿಗೆ ಸಲ್ಲದಿದ್ದರೆ ಅವು ಪವಿತ್ರ ಗ್ರಂಥದ ಒಳಗೆ ಇರುತ್ತಿರಲಿಲ್ಲ.

ಹೆಂಗಸರು 1 ಸಮುವೇಲ 1ನೇ ಅಧ್ಯಾಯವನ್ನು ಓದಲೇಬೇಕು. ಹನ್ನಳಿಗೆ ಮಕ್ಕಳಿಲ್ಲ, ಸವತಿಯ ಚುಚ್ಚು ಮಾತು ಬೇರೆ. ಅವಳು ದೇವಾಲಯದಲ್ಲಿ ಅತ್ತು ಅತ್ತು, ತುಟಿ ಮಾತ್ರ ಅಲ್ಲಾಡಿಸುತ್ತಾ ಪ್ರಾರ್ಥಿಸುವುದನ್ನು ಕಂಡ ಯಾಜಕ ಏಲಿ ಅವಳು ಕುಡಿದಿದ್ದಾಳೆ ಎಂದುಕೊಂಡ! ದೇವಸೇವೆಯಲ್ಲೇ ಮುದುಕನಾದವನು ಕೂಡ ಒಬ್ಬ ಹೆಂಗಸಿನ ಸಂಕಟವನ್ನು ತಪ್ಪಾಗಿ ಓದಿದ. ಹನ್ನ ಹೆದರಲಿಲ್ಲ. ತಾನು ಕುಡಿದವಳಲ್ಲ, ಮನಸ್ಸಿನಲ್ಲಿದ್ದದ್ದನ್ನು ಯೆಹೋವ ದೇವರ ಮುಂದೆ ಹೊಯ್ದುಕೊಳ್ಳುತ್ತಿದ್ದೇನೆ ಎಂದು ಅವನಿಗೆ ನೇರವಾಗಿ ಹೇಳಿದಳು. ಏಲಿ ತಿದ್ದಿಕೊಂಡು ಹರಸಿದ. ಮುಂದಿನ ಸಾಲನ್ನು ಗಮನಿಸಿ. ಅವಳು ಹೋಗಿ ಊಟ ಮಾಡಿದಳು, ಆಮೇಲೆ ಅವಳ ಮುಖ ಮೊದಲಿನಂತೆ ಬಾಡಿರಲಿಲ್ಲ. ಆಗ ಇನ್ನೂ ಗರ್ಭ ಕಟ್ಟಿರಲಿಲ್ಲ, ಮನೆಯಲ್ಲಿ ಸವತಿ ಹಾಗೆಯೇ ಇದ್ದಳು. ಪರಿಸ್ಥಿತಿ ಒಂದಿಂಚೂ ಕದಲುವ ಮೊದಲೇ ಅವಳ ಮುಖ ಬದಲಾಯಿತು. ನನ್ನನ್ನು ಕುಗ್ಗಿಸಿದ ಆ ಕೂಟದ ಮಾತನ್ನು ನಾನು ಕ್ಷಮಿಸಲು ಆದದ್ದು ಈ ಅಧ್ಯಾಯ ಓದಿದ ಮೇಲೆ.

ಹೊಯ್ದುಕೊಳ್ಳುವುದು ಹೇಗೆ ಎಂಬುದನ್ನು ನನಗೆ ಕಲಿಸಿದವರು ಅಮ್ಮ. ಅವರು ಹುಟ್ಟಿದ್ದು ಹಾಸನದ ಹತ್ತಿರದ ಶೆಟ್ಟಿಹಳ್ಳಿಯ ಕಥೋಲಿಕ ಕುಟುಂಬದಲ್ಲಿ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ಅಲ್ಲಿಯ ಜಪಮಾಲೆ ಮಾತೆಯ ಚರ್ಚಿಗೆ ಈಗ ಮಳೆಗಾಲದಲ್ಲಿ ಪ್ರವಾಸಿಗರು ಕ್ಯಾಮೆರಾ ಹಿಡಿದು ಬರುತ್ತಾರೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಊರು ಎದ್ದು ಹೋಯಿತು. ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಮತ್ತೆ ಎದ್ದು ನಿಲ್ಲುತ್ತದೆ. ನೀರು ಇಳಿದಾಗ ಅಮ್ಮ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ಸೂರಿಲ್ಲದ ಆ ಕಮಾನಿನ ಕೆಳಗೆ ಒಣಗಿದ ಕೆಸರಿನ ಮೇಲೆ ನಿಂತು, ಸೆರಗು ಬಾಯಿಗೆ ಹಿಡಿಯದೆ ಗಟ್ಟಿಯಾಗಿ ಅಳುತ್ತಿದ್ದರು. “ಇಲ್ಲೇ ನನಗೆ ಜ್ಞಾನಸ್ನಾನ ಆಗಿದ್ದು. ಇದನ್ಯಾಕೆ ಬಿಟ್ಟುಕೊಟ್ಟೆ ಸ್ವಾಮಿ?” ಎಂದು ಯೇಸುವನ್ನೇ ಕೇಳುತ್ತಿದ್ದರು. ಹತ್ತು ಹದಿನೈದು ನಿಮಿಷ. ಆಮೇಲೆ ಕಣ್ಣು ಒರೆಸಿಕೊಂಡು ಜಪಸರ ತೆಗೆದು ಐದು ದಶಕ (ಹತ್ತು ಹತ್ತು ಮಣಿಯ ಸುತ್ತು) ಹೇಳಿ, ಕಟ್ಟಿಕೊಂಡು ಬಂದ ಚಿತ್ರಾನ್ನ ಬಿಚ್ಚಿ ನಮಗೆ ಬಡಿಸುತ್ತಿದ್ದರು. ಅವರು ವಾಪಸು ಬರುವಾಗ ಬಸ್ಸಿನಲ್ಲಿ ಹಗುರಾಗಿ ಮಾತಾಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ನೀವು ಮಾಡಬೇಕಾದದ್ದು ಇಷ್ಟು. ದಿನಕ್ಕೆ ಹದಿನೈದು ನಿಮಿಷ ಯಾರೂ ಬಾರದ ಜಾಗ ಹುಡುಕಿ. ಕಾಫಿ ಕಣದ ಮೂಲೆ ಆಗಬಹುದು, ನಿಲ್ಲಿಸಿದ ಜೀಪಿನ ಒಳಗೆ ಆಗಬಹುದು, ಬಾಡಿಗೆ ಮನೆಯವರಿಗೆ ಬಚ್ಚಲು ಮನೆಯೂ ಆಗಬಹುದು. ನಿಮ್ಮ ಮನೆಮಾತಿನಲ್ಲೇ, ಗ್ರಂಥದ ಭಾಷೆ ಬಿಟ್ಟು ಹೇಳಿ. “ಸ್ವಾಮಿ, ನನಗೆ ಭಯ ಆಗ್ತಿದೆ. ಕಂತು ಕಟ್ಟೋಕೆ ದುಡ್ಡಿಲ್ಲ. ನಿನ್ನ ಮೇಲೆ ಸಿಟ್ಟೂ ಬಂದಿದೆ.” ಮಾತು ಬಾರದಿದ್ದರೆ 13ನೆಯ ಕೀರ್ತನೆಯನ್ನು ನಿಧಾನವಾಗಿ ಓದಿ, “ಎಷ್ಟರವರೆಗೆ” ಬಂದಲ್ಲೆಲ್ಲ ನಿಮ್ಮ ಸಂಗತಿ ಸೇರಿಸಿ. ಹದಿನೈದು ನಿಮಿಷ ಆದ ಮೇಲೆ ಏಳಿ. ಹೊಯ್ದುಕೊಳ್ಳುವುದಕ್ಕೂ ದಿನವಿಡೀ ಅದನ್ನೇ ಕಲಕುತ್ತಾ ಕೂರುವುದಕ್ಕೂ ವ್ಯತ್ಯಾಸವಿದೆ. ಅಮ್ಮನ ಚಿತ್ರಾನ್ನದ ಗಂಟು ಇದ್ದದ್ದು ಅದಕ್ಕೇ ಎಂದು ಈಗ ಅನಿಸುತ್ತದೆ.

ಮೂರನೆಯದು: ಒಂದು ಉಸಿರು, ಒಂದು ವಚನ

ಭಯ ಮೊದಲು ಮೈಗೆ ಹತ್ತುತ್ತದೆ. ಉಸಿರು ಮೇಲೆ ಮೇಲೆ ಆಡುತ್ತದೆ, ಹೃದಯ ಓಡುತ್ತದೆ, ಆಗ ಎಂಥ ವಚನವೂ ತಲೆಗೆ ಇಳಿಯುವುದಿಲ್ಲ. ಉಸಿರನ್ನು, ಅದರಲ್ಲೂ ಹೊರಬಿಡುವ ಉಸಿರನ್ನು ನಿಧಾನ ಮಾಡಿದರೆ ಹೃದಯದ ಬಡಿತ ತಗ್ಗುತ್ತದೆ. ಸನ್ಯಾಸಿಗಳು, ಅಜ್ಜಿಯರು ಇದನ್ನು ಬಹಳ ಹಿಂದೆಯೇ ಅನುಭವದಿಂದ ಅರಿತಿದ್ದರು. ಪೂರ್ವದ ಕ್ರೈಸ್ತ ಸಭೆಗಳಲ್ಲಿ “ಕರ್ತನಾದ ಯೇಸುವೇ, ನನ್ನನ್ನು ಕರುಣಿಸು” ಎಂಬ ಚಿಕ್ಕ ಪ್ರಾರ್ಥನೆಯನ್ನು ಉಸಿರಿನ ಲಯಕ್ಕೆ ಹೇಳುವ ರೂಢಿ ಶತಮಾನಗಳಷ್ಟು ಹಳೆಯದು. ಯೆರಿಕೋ ದಾರಿಯ ಕುರುಡ ಬಾರ್ತಿಮಾಯ ಕೂಗಿದ್ದೂ ಇಂಥದೇ ಮಾತು.

ಜಪಸರದ ಬಗ್ಗೆ ಒಂದು ಸಂಗತಿ ಹೇಳಲೇಬೇಕು. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಟಲಿಯ ವೈದ್ಯ ಲುಚಾನೋ ಬೆರ್ನಾರ್ಡಿ ಮತ್ತು ಸಂಗಡಿಗರ ಒಂದು ಅಧ್ಯಯನ ಬಂತು. 23 ಮಂದಿ ಆರೋಗ್ಯವಂತರಿಂದ ಲ್ಯಾಟಿನ್ ಭಾಷೆಯ ‘ನಮೋ ಮರಿಯಾ’ ಪ್ರಾರ್ಥನೆ ಹೇಳಿಸಿದರು, ಒಂದು ಯೋಗ ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು, ಹೃದಯ ಮತ್ತು ರಕ್ತನಾಳಗಳ ಲಯ ಅದಕ್ಕೆ ಹೊಂದಿಕೊಂಡಿತು. ಪ್ರಾರ್ಥನೆಯ ಬೆಲೆ ಇಷ್ಟೇ ಎಂದು ಇದರ ಅರ್ಥವಲ್ಲ. ನಮ್ಮ ಮೈಯನ್ನು ಮಾಡಿದವನಿಗೇ ನಾವು ಪ್ರಾರ್ಥಿಸುತ್ತೇವೆ, ಹಾಗಿದ್ದ ಮೇಲೆ ಪ್ರಾರ್ಥನೆ ಮೈಗೂ ಹಿತವಾದರೆ ನನಗೆ ಆಶ್ಚರ್ಯವಿಲ್ಲ.

ಮಾಡುವ ಬಗೆ: ಬೆನ್ನು ಒರಗಿಸಿ ಕೂತು, ಪಾದ ನೆಲಕ್ಕೆ ಊರಿ. ಮನಸ್ಸಿನಲ್ಲೇ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ರೂಢಿಯಾದ ಮೇಲೆ ಎಣಿಕೆಯ ಜಾಗದಲ್ಲಿ ವಚನ ಇಡಿ. ನಾನು ಹಿಡಿದದ್ದು 23ನೆಯ ಕೀರ್ತನೆಯ ಆರಂಭ. ಉಸಿರು ಒಳಗೆ ಹೋಗುವಾಗ “ಯೆಹೋವನು ನನಗೆ ಕುರುಬನು”, ಹೊರಗೆ ಬರುವಾಗ ಎಳೆದು “ಕೊರತೆಪಡೆನು”. ಹತ್ತು ಉಸಿರಿಗೆ ಎರಡು ನಿಮಿಷವೂ ಬೇಡ. ತಲೆ ಸುತ್ತಿದರೆ, ಆಸ್ತಮಾ ಇದ್ದವರಿಗೆ ಇಕ್ಕಟ್ಟಾದರೆ, ಬಲವಂತ ಮಾಡದೆ ಸಹಜ ಉಸಿರಿಗೇ ವಚನ ಹೇಳಿಕೊಳ್ಳಿ. ಭಯ ಇಲ್ಲದ ಹೊತ್ತಿನಲ್ಲಿ, ಬಸ್ಸಿಗೆ ಕಾಯುವಾಗ, ಹಾಲು ಉಕ್ಕುವುದನ್ನು ಕಾಯುವಾಗ ಅಭ್ಯಾಸ ಮಾಡಿ. ಹಾಗೆ ಮಾಡಿಟ್ಟದ್ದೇ ಭಯದ ಹೊತ್ತಿಗೆ ನೆರವಿಗೆ ಬರುವುದು.

ನಾಲ್ಕನೆಯದು: ಆ ಹೊತ್ತಿನ ಪಾಡು

ಮತ್ತಾಯ 6:34ರ ಕೊನೆಯ ಮಾತನ್ನು ನಮ್ಮ ಹಳೆಯ ಕನ್ನಡ ಸತ್ಯವೇದದಲ್ಲಿ ಓದಿ ನೋಡಿ: “ಆ ಹೊತ್ತಿನ ಪಾಡು ಆ ಹೊತ್ತಿಗೆ ಸಾಕು.” ಗಾದೆಯ ಹಾಗೆ ನಾಲಿಗೆಗೆ ಕೂರುವ ಮಾತು. ಪಾಡು ಇರುವುದೇ ಇಲ್ಲ ಎಂದು ಯೇಸು ಹೇಳಲಿಲ್ಲ. ಇವತ್ತಿನದು ಇವತ್ತಿಗೆ ಸಾಕು, ನಾಳೆಯದನ್ನು ತಂದು ಇದರ ಮೇಲೆ ಹೇರಬೇಡ ಎಂದ. ಇಸ್ರಾಯೇಲರಿಗೆ ಅರಣ್ಯದಲ್ಲಿ ಮನ್ನ ಎಂಬ ಆಹಾರ ಸಿಕ್ಕಿದ್ದೂ ಆಯಾ ದಿನದ್ದೇ. ಕೂಡಿಟ್ಟದ್ದು ಹುಳ ಬಿತ್ತು. ಪರಲೋಕ ಪ್ರಾರ್ಥನೆಯಲ್ಲಿ ನಾವು ಕೇಳುವುದೂ ಅನುದಿನದ ಆಹಾರವನ್ನೇ, ವರ್ಷಕ್ಕಾಗುವಷ್ಟನ್ನಲ್ಲ.

ಇದನ್ನು ಕಾಗದಕ್ಕೆ ಇಳಿಸದಿದ್ದರೆ ಬರೀ ಉಪದೇಶವಾಗಿ ಉಳಿಯುತ್ತದೆ. ಮಕ್ಕಳ ಹಳೆಯ ನೋಟ್‌ಬುಕ್ ಒಂದನ್ನು ತೆಗೆದುಕೊಳ್ಳಿ. ಬೆಳಿಗ್ಗೆ ಮೊಬೈಲ್ ಮುಟ್ಟುವ ಮೊದಲು ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಇವತ್ತು ನನ್ನ ಕೈಲಿ ಆಗುವುದು, ಬಲಕ್ಕೆ ನನ್ನ ಕೈಲಿ ಇಲ್ಲದ್ದು. ಮಳೆ, ಕಾಫಿ ರೇಟು, ಆನೆ ಯಾವ ತೋಟಕ್ಕೆ ಇಳಿಯುತ್ತದೆ, ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೋ ಇಲ್ಲವೋ, ಡಾಕ್ಟರ ರಿಪೋರ್ಟು, ಇವು ಬಲಕ್ಕೆ. ಬಲಗಡೆಯ ಒಂದೊಂದರ ಮೇಲೂ ಬೆರಳಿಟ್ಟು ಹೆಸರು ಹಿಡಿದು ದೇವರಿಗೆ ಒಪ್ಪಿಸಿ. 1 ಪೇತ್ರ 5:7 ಚಿಂತೆಯನ್ನು ಆತನ ಮೇಲೆ ಹಾಕಿರಿ ಎನ್ನುವುದು ಹೀಗೆ. ಕುಕ್ಕೆ ಇಳಿಸುವಾಗ ಯಾವ ಕುಕ್ಕೆ ಎಂದು ಗೊತ್ತಿರಬೇಕಲ್ಲ.

ಎಡಗಡೆ ಮೂರಕ್ಕಿಂತ ಹೆಚ್ಚು ಬರೆಯಬೇಡಿ. ಅವು ಚಿಕ್ಕವಾಗಿರಲಿ. ಬರೀ ‘ಸಾಲ’ ಎಂದು ಬರೆದರೆ ಅದು ಬೆಟ್ಟ. ‘ಹನ್ನೊಂದು ಗಂಟೆಗೆ ಬ್ಯಾಂಕಿಗೆ ಹೋಗಿ ಕಂತು ಮುಂದೂಡಲು ಆಗುತ್ತದೆಯೇ ಕೇಳುವುದು’ ಎಂದು ಬರೆದರೆ ಅದು ಒಂದು ಕೆಲಸ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಾನೇ ಎರಡು ತಿಂಗಳು ಬ್ಯಾಂಕಿನ ಕಡೆ ತಲೆ ಹಾಕದೆ ಪ್ರಾರ್ಥನೆ ಮಾಡುತ್ತಾ ಕೂತಿದ್ದೆ. ಕೊನೆಗೆ ಹೋಗಿ ಕೇಳಿದಾಗ ಅರ್ಜಿಯೊಂದನ್ನು ಕೊಟ್ಟು ಬನ್ನಿ ಎಂದರು. ಗಡುವು ಮೀರುವ ಮೊದಲೇ ಹೋಗಿದ್ದರೆ ಅಷ್ಟು ರಾತ್ರಿಗಳ ನಿದ್ದೆ ಉಳಿಯುತ್ತಿತ್ತು.

ಸಂಜೆ ಅದೇ ಪುಟದ ಕೆಳಗೆ ಆ ದಿನದ ಒಂದು ಉಪಕಾರ ಬರೆಯಿರಿ. ಒಂದೇ. ಫಿಲಿಪ್ಪಿ 4:6ರಲ್ಲಿ ಬೇಡಿಕೆಯ ಜೊತೆಗೇ ಕೃತಜ್ಞತೆಯೂ ಸೇರಿದೆ. ‘ಕರೆಂಟ್ ಬಂತು’ ಎಂದು ಬರೆದ ದಿನಗಳು ನನ್ನ ಪುಸ್ತಕದಲ್ಲಿ ಬೇಕಾದಷ್ಟಿವೆ.

ಮೊಬೈಲ್ ವಿಷಯ ಹೇಳದಿದ್ದರೆ ಈ ಹೆಜ್ಜೆ ಅರ್ಧ. ಮಳೆಗಾಲದಲ್ಲಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಘಾಟಿ ಕುಸಿದ ವಿಡಿಯೋ, ಆನೆ ಅಟ್ಟಿಸಿಕೊಂಡು ಬಂದ ವಿಡಿಯೋ ಹಗಲು ರಾತ್ರಿ ಓಡಾಡುತ್ತವೆ. ಎಷ್ಟೋ ಹಳೆಯವು, ಎಷ್ಟೋ ಬೇರೆ ಊರಿನವು. ಆನೆ ಎಲ್ಲಿದೆ ಎಂದು ತಿಳಿಯುವುದು ಪ್ರಾಣದ ಪ್ರಶ್ನೆ, ಅದನ್ನು ನೋಡಲೇಬೇಕು. ಉಳಿದದ್ದನ್ನು ರಾತ್ರಿ ಎಂಟರ ಮೇಲೆ ಮುಟ್ಟಬೇಡಿ.

ಐದನೆಯದು: ರಾತ್ರಿ ಮೂರು ಗಂಟೆಗೆ

ಒಂದೇ ನಿಯಮ: ಕತ್ತಲಲ್ಲಿ ಲೆಕ್ಕ ಹಾಕಬಾರದು. ಹಗಲು ಹತ್ತು ಸಾವಿರದ ತಾಪತ್ರಯ ರಾತ್ರಿ ಲಕ್ಷವಾಗಿ ಕಾಣುತ್ತದೆ. ಎಚ್ಚರವಾಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಏಳಿ. ಬಿಸಿನೀರು ಕುಡಿಯಿರಿ, ಕಂಬಳಿ ಹೊದ್ದು ಕೂತು ಹತ್ತು ಉಸಿರಿನ ಪ್ರಾರ್ಥನೆ ಮಾಡಿ. ಮನಸ್ಸು ಲೆಕ್ಕಕ್ಕೆ ಎಳೆದರೆ, “ಇದು ನಾಳೆ ಎಡಗಡೆಗೆ” ಎಂದು ಒಂದು ಪದ ಗೀಚಿ ಮುಚ್ಚಿಡಿ. 4ನೆಯ ಕೀರ್ತನೆಯ ಕೊನೆಯ ವಚನವನ್ನು, 121ನೆಯ ಕೀರ್ತನೆಯನ್ನು ಹಗಲಲ್ಲೇ ಬಾಯಿಪಾಠ ಮಾಡಿಟ್ಟುಕೊಳ್ಳಿ. ಕರೆಂಟಿಲ್ಲದ ಮಲೆನಾಡಿನ ರಾತ್ರಿಯಲ್ಲಿ ಪುಸ್ತಕ ತೆರೆಯಲು ಆಗುವುದಿಲ್ಲ.

121ರಲ್ಲಿ ಇಸ್ರಾಯೇಲನ್ನು ಕಾಯುವವನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಎಂದಿದೆ. ಫಿಲಿಪ್ಪಿ 4:7ರಲ್ಲಿ ದೇವಶಾಂತಿಯು ನಮ್ಮ ಹೃದಯಗಳನ್ನೂ ಯೋಚನೆಗಳನ್ನೂ ‘ಕಾಯುವದು’ ಎಂದಿದೆ. ಅಪೊಸ್ತಲ ಪೌಲ ಅದನ್ನು ಬರೆದದ್ದು ಸೆರೆಯಲ್ಲಿ, ಕಾವಲುಗಾರರ ನಡುವೆ ಕೂತು. ಗ್ರೀಕ್ ಮೂಲದಲ್ಲಿಯೂ ಅದು ಸೈನಿಕರ ಕಾವಲಿನ ಪದವೇ. ಭತ್ತ ಹಾಲು ತುಂಬುವ ಹೊತ್ತಿಗೆ ನಮ್ಮಲ್ಲಿ ಗದ್ದೆ ಕಾಯುತ್ತಾರಲ್ಲ, ಅಟ್ಟಣೆಯ ಮೇಲೆ ಬೆಂಕಿ ಹಾಕಿಕೊಂಡು ರಾತ್ರಿಯಿಡೀ ಆಗಾಗ ಕೂಗು ಹಾಕುತ್ತಾ? ಆನೆ ಇಲ್ಲ ಎಂದು ಆ ಕೂಗಿನ ಅರ್ಥವಲ್ಲ, ಎಚ್ಚರವಿರುವವರೊಬ್ಬರು ಇದ್ದಾರೆ ಎಂದು. ನನಗೆ ಆ ವಚನ ಅರ್ಥವಾಗುವುದು ಆ ಕೂಗಿನಿಂದ.

ಆರನೆಯದು: ಒಬ್ಬರೇ ಹೊರಬೇಡಿ

ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ತನ್ನ ಪ್ರಾಣ ಸಾಯುವಷ್ಟು ದುಃಖಕ್ಕೆ ಒಳಗಾಗಿದೆ ಎಂದು ಮೂವರು ಶಿಷ್ಯರಿಗೆ ಬಾಯಿ ಬಿಟ್ಟು ಹೇಳಿ, ಜೊತೆಗೆ ಎಚ್ಚರವಾಗಿರಿ ಎಂದು ಕೇಳಿಕೊಂಡ. ಅವರು ನಿದ್ದೆ ಹೋದರು ನಿಜ. ಆದರೆ ಕೇಳುವುದಕ್ಕೆ ಆತ ನಾಚಲಿಲ್ಲ. ನಮ್ಮ ಗಂಡಸರು ಇದನ್ನು ದಯವಿಟ್ಟು ಎರಡು ಸಲ ಓದಬೇಕು. ತೋಟದ ಸಾಲವನ್ನು ಹೆಂಡತಿಗೂ ಹೇಳದೆ ಒಳಗೇ ನುಂಗುವವರು ನಮ್ಮ ಜಿಲ್ಲೆಯಲ್ಲಿ ಬಹಳ ಜನ.

ಒಬ್ಬರನ್ನು ಆರಿಸಿಕೊಳ್ಳಿ, ಹೆಚ್ಚೆಂದರೆ ಇಬ್ಬರು. ಗುಟ್ಟು ಉಳಿಸುವವರಾಗಿರಲಿ. ಬೇಕಾದದ್ದನ್ನು ಬಿಡಿಸಿ ಕೇಳಿ: “ಅಕ್ಕ, ನನಗೆ ಬುದ್ಧಿಮಾತು ಬೇಡ. ಹತ್ತು ನಿಮಿಷ ನನ್ನ ಜೊತೆ ಕೂತ್ಕೊಳ್ಳಿ, ಆಮೇಲೆ ನನ್ನ ಹೆಸರು ಹಿಡಿದು ಒಂದು ಪ್ರಾರ್ಥನೆ ಮಾಡಿ.” ಅಯ್ಯನವರ ಹತ್ತಿರ, ಫಾದರ್ ಹತ್ತಿರ ಹೋಗುವುದಾದರೆ ಆರಾಧನೆ ಮುಗಿದ ಗಡಿಬಿಡಿಯಲ್ಲಿ ಬೇಡ, ವಾರದ ನಡುವೆ ಸಮಯ ಕೇಳಿಕೊಂಡು ಹೋಗಿ.

ಇನ್ನೊಬ್ಬರು ನಿಮ್ಮ ಹತ್ತಿರ ಹೇಳಿಕೊಂಡಾಗ ಸರ್ವಸ್ವ ಕಳೆದುಕೊಂಡ ಯೋಬನ ಗೆಳೆಯರು ನೆನಪಿರಲಿ. ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು, ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರೇ. ಕೆಟ್ಟದ್ದು ಬಾಯಿ ತೆರೆದ ಮೇಲೆ. ಡಬ್ಬಿ ತುಂಬಾ ಊಟ ತೆಗೆದುಕೊಂಡು ಹೋಗಿ, ಅವರ ಮನೆಯ ಕಾಫಿ ಕಣದಲ್ಲಿ ಅರ್ಧ ದಿನ ಹರವಿಕೊಡಿ. ವಚನ ಆಮೇಲೆ.

ಈ ಹೆಜ್ಜೆ ಕೊನೆಯಲ್ಲಿದೆ, ಬೇಕಾದವರು ಮೊದಲೇ ಓದಿ

ಎರಡು ವಾರ ಮೀರಿ ನಿದ್ದೆ, ಊಟ ಸೇರದಿದ್ದರೆ, ಯಾವುದರಲ್ಲೂ ಆಸೆ ಇಲ್ಲದಿದ್ದರೆ, ಕೈಕಾಲಿಗೆ ಕೆಲಸ ಮಾಡುವ ಶಕ್ತಿಯೇ ಬಾರದಿದ್ದರೆ ಡಾಕ್ಟರ ಹತ್ತಿರ ಹೋಗಿ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯುವ ಮಾತಿಲ್ಲ, ಅವತ್ತೇ ಒಬ್ಬರಿಗೆ ಹೇಳಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿ ಸಿಗುತ್ತದೆ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ ಅದು, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಪಾಯ ಕಣ್ಣೆದುರೇ ಇದ್ದರೆ 108. ಮನೆಯವರು ತೋಟಕ್ಕೆ ಹೊಡೆಯುವ ಔಷಧಿಯ ಡಬ್ಬಿಗಳನ್ನು ಬೇರೆ ಕಡೆ ಇಟ್ಟು ಬೀಗ ಹಾಕಿ ಬೀಗದಕೈ ತಮ್ಮ ಹತ್ತಿರ ಇಟ್ಟುಕೊಳ್ಳಿ, ಆ ಯೋಚನೆ ಬಂದವರನ್ನು ಒಬ್ಬರನ್ನೇ ಬಿಡಬೇಡಿ. ಸಂಕಟ ಮರೆಯಲು ಬಾಟಲಿ ಹಿಡಿಯುವುದು ಈ ಹೊತ್ತಿನಲ್ಲಿ ತುಂಬಾ ಅಪಾಯ.

ಮಾತ್ರೆ ತೆಗೆದುಕೊಂಡರೆ ವಿಶ್ವಾಸ ಕಮ್ಮಿಯಾದಂತೆ ಎನ್ನುವವರು ಸಿಗುತ್ತಾರೆ. ಸುವಾರ್ತೆ ಬರೆದ ಲೂಕನನ್ನು ಪೌಲ ಪ್ರಿಯ ವೈದ್ಯ ಎಂದು ಕರೆದಿದ್ದಾನೆ. ತನ್ನ ಶಿಷ್ಯ ತಿಮೊಥೆಯನ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಆ ಕಾಲದ ಮದ್ದು ಹೇಳಿದ್ದಾನೆ. ಹಾಸನದ ರೆಡ್‌ಫರ್ನ್ ಆಸ್ಪತ್ರೆ, ಚಿಕ್ಕಮಗಳೂರಿನ ಹೋಲಿಕ್ರಾಸ್ ಆಸ್ಪತ್ರೆ ಎರಡೂ ಕ್ರೈಸ್ತ ಸೇವೆಯಿಂದಲೇ ಬೆಳೆದವು. ಸಭೆಯೇ ಆಸ್ಪತ್ರೆ ನಡೆಸುತ್ತಿರುವಾಗ ಔಷಧಿ ದೇವರಿಗೆ ವಿರುದ್ಧ ಎನ್ನಲು ಯಾರಿಗೂ ಹಕ್ಕಿಲ್ಲ. ಮಾತ್ರೆ ನಿಲ್ಲಿಸಿ ಪ್ರಾರ್ಥನೆ ಮಾಡಿಸಿ ಎಂದು ಹಣ ಕೇಳುವವರಿಂದ ದೂರವಿರಿ. ಸಾವು ಬೇಡಿದ ಎಲೀಯನನ್ನು ದೇವರು ಗದರಲಿಲ್ಲ. ನಿಮ್ಮನ್ನೂ ಗದರುವುದಿಲ್ಲ.

ನನ್ನ ಮೂರು ಗಂಟೆಯ ಎಚ್ಚರ ಪೂರ್ತಿ ಹೋಗಿದೆ ಎಂದು ಹೇಳಲಾರೆ. ಮಳೆಗಾಲದಲ್ಲಿ ಇನ್ನೂ ಬರುತ್ತದೆ. ಇಂದು ಬೆಳಿಗ್ಗೆ ಬರೆದ ಪುಟ ಹೀಗಿದೆ. ಬಲಕ್ಕೆ: ಮಳೆ, ಮಗಳ ಇಂಟರ್‌ವ್ಯೂ, ಕೆಳಗಿನ ತೋಟದಲ್ಲಿ ಕಾಣಿಸಿಕೊಂಡ ಒಂಟಿ ಸಲಗ. ಎಡಕ್ಕೆ: ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವವರಿಗೆ ಫೋನ್ ಮಾಡುವುದು, ಮನೆಯವರ ಬಿಪಿ ಮಾತ್ರೆ ತರುವುದು, ಮಧ್ಯಾಹ್ನ ಗೌಡರ ಮನೆ ಅಕ್ಕನಿಗೆ ರೊಟ್ಟಿ ತೆಗೆದುಕೊಂಡು ಹೋಗುವುದು. ಅವರ ತಮ್ಮ ತೀರಿಕೊಂಡು ಇವತ್ತಿಗೆ ಐದು ದಿನ, ಅವರೂ ಒಲೆ ಹಚ್ಚಿಲ್ಲವಂತೆ.